ಇನ್ನೂರು ರೂಪಾಯಿಯ ಮೋಸಕ್ಕೆ ದೂರು ಬೇಡವೇ?

"ಓದಿದವರಿಗೇ ಬುದ್ಧಿ ಇಲ್ಲ, ಇನ್ನು ನಮ್ಮಂಥವರ ಕತೆ ಏನು ಮಾರಾಯ್ರೆ?" ಆನ್‌ಲೈನ್‌ನಲ್ಲಿ ಯಾರೋ ದುಡ್ಡು ಕಳೆದುಕೊಂಡರು ಎಂಬ ಸುದ್ದಿ ಬಂದ ದಿನ ಉಡುಪಿಯ ಹೋಟೆಲುಗಳಲ್ಲಿ, ಕಾಪುವಿನ ಬಸ್ ನಿಲ್ದಾಣದಲ್ಲಿ, ಕಾರ್ಕಳದ ಜೆರಾಕ್ಸ್ ಅಂಗಡಿಯ ಎದುರು ಕೇಳುವ ಮೊದಲ ಮಾತು ಇದು. ಎರಡನೆಯದು, "ಆಸೆ ಮಾಡಿದರೆ ಹೀಗೇ ಆಗುವುದು." ಹೋದ ಮೊತ್ತ ಸಣ್ಣದಾದರೆ ಮೂರನೆಯದೂ ಬರುತ್ತದೆ: "ಇನ್ನೂರು ರೂಪಾಯಿ ತಾನೇ, ಬಿಡು ಅತ್ತ." ನಮ್ಮ ಜಗಳ ಈ ಮೂರೂ ಮಾತುಗಳ ಜೊತೆಗಿದೆ. ಅದರಲ್ಲೂ ಮೂರನೆಯದರ ಜೊತೆ.

ನಾವು ಹೇಳುತ್ತಿರುವುದು ಅಗ್ಗದ ಚಂದಾ ಖಾತೆಗಳ ವ್ಯಾಪಾರದ ಬಗ್ಗೆ. ಟೆಲಿಗ್ರಾಂ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ, ಕಾಲೇಜಿನ ವಾಟ್ಸಾಪ್ ಬಳಗಗಳಲ್ಲಿ ದಿನವೂ ಹರಿದಾಡುವ ಜಾಹೀರಾತುಗಳಿವೆಯಲ್ಲ, ಅವು. ಸಿನೆಮಾ ನೋಡುವ ಆ್ಯಪ್, ಹಾಡು ಕೇಳುವ ಆ್ಯಪ್, ಪೋಸ್ಟರ್ ಮಾಡುವ ಕ್ಯಾನ್ವಾ, ಬರೆಯಲು ಆಫೀಸ್, ಕೇಳಿದ್ದಕ್ಕೆ ಉತ್ತರ ಕೊಡುವ ಎಐ, ಎಲ್ಲವೂ ಕಂಪೆನಿ ಹೇಳುವ ಬೆಲೆಯ ಕಾಲು ಭಾಗಕ್ಕೆ, ಒಂದು ವರ್ಷದ ಗ್ಯಾರಂಟಿಯೊಂದಿಗೆ. ಕೊಳ್ಳುವವರು ಯಾರು? ಮಣಿಪಾಲದ ಪಿಜಿಗಳಲ್ಲಿರುವ ವಿದ್ಯಾರ್ಥಿಗಳು. ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಕಾರ್ಕಳದ ಪದವೀಧರರು. ಗಲ್ಫಿನಲ್ಲಿರುವ ಮಗ ತಂದ ಸ್ಮಾರ್ಟ್ ಟಿವಿಯಲ್ಲಿ ಒಂದು ಕನ್ನಡ ಸಿನೆಮಾ ನೋಡೋಣ ಎಂದುಕೊಂಡ ಕಾಪುವಿನ ಅಮ್ಮಂದಿರು. ಕ್ರಿಕೆಟ್ ಒಂದು ಕಡೆ, ಧಾರಾವಾಹಿ ಇನ್ನೊಂದು ಕಡೆ, ಹೊಸ ಸಿನೆಮಾ ಮತ್ತೊಂದು ಕಡೆ. ಎಲ್ಲದಕ್ಕೂ ತಿಂಗಳು ತಿಂಗಳು ದುಡ್ಡು. ಇವರದ್ದು ಆಸೆಬುರುಕುತನ ಎನ್ನುವವರು ತಮ್ಮ ಮನೆಯ ಕೇಬಲ್ ಬಿಲ್ಲಿನಲ್ಲಿ ಎಷ್ಟು ಚೌಕಾಸಿ ಮಾಡಿದ್ದರು ಎಂದು ನೆನಪಿಸಿಕೊಳ್ಳಲಿ. ಅಗ್ಗದ್ದನ್ನು ಹುಡುಕುವುದು ಅಪರಾಧವಲ್ಲ.

ಆದರೆ ಒಂದು ವಿಷಯ ಖಡಾಖಂಡಿತವಾಗಿ ಹೇಳಬೇಕು. ಚಂದಾ ಕೊಳ್ಳಬಹುದು, ಖಾತೆ ಕೊಳ್ಳಲು ಬರುವುದಿಲ್ಲ. ಖಾತೆ ಎನ್ನುವುದು ಕಂಪೆನಿ ಒಬ್ಬ ವ್ಯಕ್ತಿಗೆ ಬಳಸಲು ಕೊಟ್ಟ ಅನುಮತಿ. ಅದನ್ನು ಮಾರುವುದೆಂದರೆ ಬಾಡಿಗೆದಾರ ಬಾಡಿಗೆ ಮನೆಯನ್ನು ಮಾರಿದ ಹಾಗೆ. ಬೀಗದ ಕೈ ನಿಮ್ಮ ಕೈಗೆ ಬರಬಹುದು, ಒಳಗೆ ಹೋಗಿ ಎರಡು ದಿನ ಕೂರಲೂಬಹುದು. ಮನೆ ನಿಮ್ಮದಾಗುವುದಿಲ್ಲ. ಯಜಮಾನ ಬೀಗ ಬದಲಿಸಿದ ದಿನ ನೀವು ಅಂಗಳದಲ್ಲಿ.

ಈ ಸರಕು ಬರುವುದಾದರೂ ಎಲ್ಲಿಂದ? ನಾಲ್ಕು ದಾರಿಗಳಿವೆ. ಮೊದಲನೆಯದರಲ್ಲಿ ಸರಕೇ ಇಲ್ಲ. ದುಡ್ಡು ಹಾಕಿದ ಕೂಡಲೇ ನಿಮ್ಮ ನಂಬರ್ ಬ್ಲಾಕ್. ಎರಡನೆಯದರಲ್ಲಿ ಒಂದು ಕುಟುಂಬದ ಪ್ಲಾನನ್ನು ಕೊಂಡು ಹತ್ತಾರು ಅಪರಿಚಿತರಿಗೆ ಹಂಚುತ್ತಾರೆ. 2023ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿಯೂ ಒಂದು ಮನೆಯಾಚೆಗೆ ಪಾಸ್‌ವರ್ಡ್ ಹಂಚುವುದನ್ನು ನಿಲ್ಲಿಸಿತು. ಹಾಗಾಗಿ ಇಂಥ ಖಾತೆ ಇಂದು ನಡೆದರೆ ನಾಳೆ ನಿಲ್ಲುತ್ತದೆ. ಮೂರನೆಯದರಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ಮಾರುತ್ತಾರೆ. 2025ರ ಜುಲೈಯಲ್ಲಿ ಏರ್‌ಟೆಲ್ ತನ್ನ ಗ್ರಾಹಕರಿಗೆ ಪರ್ಪ್ಲೆಕ್ಸಿಟಿಯ ಪ್ರೊ ಚಂದಾವನ್ನು ಒಂದು ವರ್ಷಕ್ಕೆ ಉಚಿತವಾಗಿ ಕೊಟ್ಟಿತು. ವಿದ್ಯಾರ್ಥಿಗಳಿಗೆಂದೇ ಕೊಡುವ ಕೊಡುಗೆಗಳೂ ಇವೆ. ಹೀಗೆ ಯಾರ ಹೆಸರಿಗೋ ಬಂದದ್ದನ್ನು ಇನ್ಯಾರಿಗೋ ಮಾರಿದರೆ ಅದು ಯಾವಾಗ ಬೇಕಾದರೂ ರದ್ದಾಗಬಹುದು. ನಾಲ್ಕನೆಯದು ಕದ್ದ ಮಾಲು. ಎಲ್ಲೋ ಸೋರಿದ ಇಮೇಲ್ ಮತ್ತು ಪಾಸ್‌ವರ್ಡ್‌ಗಳನ್ನು ಬೇರೆ ಬೇರೆ ಆ್ಯಪ್‌ಗಳಲ್ಲಿ ಹಾಕಿ ನೋಡುತ್ತಾರೆ. ತೆರೆದುಕೊಂಡ ಖಾತೆ ಮಾರಾಟಕ್ಕೆ. ಅದರ ನಿಜವಾದ ಯಜಮಾನ ಬ್ರೆಜಿಲ್‌ನಲ್ಲಿರಬಹುದು, ಬ್ರಹ್ಮಾವರದಲ್ಲೂ ಇರಬಹುದು.

ಹೋಗುವುದು ಇನ್ನೂರು ರೂಪಾಯಿ ಮಾತ್ರವಾಗಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಹಣ ಹಾಕಿದ ಮೇಲೆ "ಆ್ಯಕ್ಟಿವೇಶನ್" ಎಂಬ ನಾಟಕ ಶುರುವಾಗುತ್ತದೆ. "ನಿಮ್ಮ ಜಿಮೇಲ್ ಪಾಸ್‌ವರ್ಡ್ ಕೊಡಿ, ನಾವೇ ಹಾಕಿ ಕೊಡುತ್ತೇವೆ." "ಒಂದು ಒಟಿಪಿ ಬರುತ್ತದೆ, ಹೇಳಿ." "ಈ ಎಪಿಕೆ ಫೈಲ್ ಇಳಿಸಿಕೊಳ್ಳಿ." ಜಿಮೇಲ್ ಹೋದರೆ ಅದಕ್ಕೆ ಕಟ್ಟಿದ ಫೋಟೋ, ದಾಖಲೆ, ಬ್ಯಾಂಕಿನ ಪತ್ರವ್ಯವಹಾರ ಎಲ್ಲ ಹೋಗುತ್ತದೆ. ಎಪಿಕೆ ಇಳಿಸಿದರೆ ಫೋನಿಗೆ ಬರುವ ಎಸ್ಸೆಮ್ಮೆಸ್ ಕೂಡ ಅವರ ಪಾಲು. "ಆಗಲಿಲ್ಲವಾ? ದುಡ್ಡು ವಾಪಸು ಕೊಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುವುದು ಕೊನೆಯ ಅಂಕ. ಯುಪಿಐಯಲ್ಲಿ ಹಣ ಬರಲು ಪಿನ್ ಬೇಡ. ಪಿನ್ ಕೇಳಿದರೆ ಹಣ ಹೋಗುತ್ತದೆ ಎಂದೇ ಅರ್ಥ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಯುಪಿಐ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ, ಒಳ್ಳೆಯದೇ. ಕ್ಯೂಆರ್ ಕಳುಹಿಸುವವರು ಮಾತ್ರ ನಿಂತಿಲ್ಲ.

ಇನ್ನು ಆ ಇನ್ನೂರು ರೂಪಾಯಿ ಎಲ್ಲಿಗೆ ಹೋಯಿತು? ಮೋಸಗಾರ ತನ್ನ ಹೆಸರಿನ ಖಾತೆಗೆ ಹಣ ಹಾಕಿಸಿಕೊಳ್ಳುವಷ್ಟು ದಡ್ಡನಲ್ಲ. ಅವನಿಗೆ ಬಾಡಿಗೆ ಬ್ಯಾಂಕ್ ಖಾತೆ ಬೇಕು. ಮನೆಯಿಂದ ದೂರ ಇರುವ, ಕೈಖರ್ಚಿಗೆ ಪರದಾಡುವ ಹುಡುಗರು ಅವನಿಗೆ ಬೇಕಾದ ಬೇಟೆ. "ನಿನ್ನ ಖಾತೆಗೆ ಹಣ ಬರುತ್ತದೆ, ನಮಗೆ ದಾಟಿಸು, ಕಮಿಷನ್ ಇಟ್ಟುಕೋ" ಎನ್ನುತ್ತಾನೆ. ಮಣಿಪಾಲದಂಥ ಊರಿನ ತಂದೆ ತಾಯಂದಿರು, ವಾರ್ಡನ್‌ಗಳು ಕಿವಿ ನೆಟ್ಟಗೆ ಮಾಡಬೇಕಾದದ್ದು ಇಲ್ಲಿ. ಪೊಲೀಸರು ಜಾಡು ಹಿಡಿದಾಗ ಮೊದಲು ಸಿಗುವುದು ಆ ಖಾತೆಯ ಹೆಸರು. ಕಂಪ್ಯೂಟರ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಇಂಥ ವಂಚನೆಗೆ ಖಾತೆ ಕೊಟ್ಟ ಹುಡುಗ ಆಮೇಲೆ "ನನಗೆ ಗೊತ್ತಿರಲಿಲ್ಲ ಸರ್" ಎಂದು ಸಾಬೀತು ಮಾಡುತ್ತಾ ವರ್ಷಗಟ್ಟಲೆ ಅಲೆಯಬೇಕು.

ಅದಕ್ಕೇ ಸಣ್ಣ ಮೊತ್ತದ ದೂರು ಬೇಕು ಎನ್ನುತ್ತೇವೆ. ಲಕ್ಷ ಕಳೆದುಕೊಂಡವರ ಹಣ ಹೋದ ಖಾತೆಯೂ ಇನ್ನೂರು ಕಳೆದುಕೊಂಡವರ ಹಣ ಹೋದ ಖಾತೆಯೂ ಒಂದೇ ಆಗಿರಬಹುದು. 2024ರಲ್ಲಿ ದೇಶದ ಜನ ಸೈಬರ್ ವಂಚನೆಗೆ ಕಳೆದುಕೊಂಡ ಮೊತ್ತ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿದೆ. ಹಿಂದಿನ ವರ್ಷ ಅದು 7,465 ಕೋಟಿ ಇತ್ತು. ಇದು ದೂರು ಕೊಟ್ಟವರ ಲೆಕ್ಕ. "ಬಿಡು ಅತ್ತ" ಎಂದವರ ಇನ್ನೂರು ಇದರಲ್ಲಿ ಇಲ್ಲ. ದೂರುಗಳಲ್ಲಿ ಬಂದ ಮಾಹಿತಿಯಿಂದ ಶಂಕಿತರ ಪಟ್ಟಿ ಮಾಡಿ ಬ್ಯಾಂಕುಗಳ ಜೊತೆ ಹಂಚಿಕೊಳ್ಳುವ ವ್ಯವಸ್ಥೆಯನ್ನು ಕೇಂದ್ರ ಗೃಹ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ಆರಂಭಿಸಿತು. ದೂರೇ ಇಲ್ಲದಿದ್ದರೆ ಪಟ್ಟಿಗೆ ಹೆಸರು ಬರುವುದು ಎಲ್ಲಿಂದ? ನೂರು ಜನ ನಾಚಿಕೆಯಿಂದ ಬಾಯಿ ಮುಚ್ಚಿದರೆ ಮೋಸಗಾರನಿಗೆ ಇಪ್ಪತ್ತು ಸಾವಿರ ಬಂಡವಾಳ, ಜೊತೆಗೆ ಒಂದು ಶುಭ್ರವಾದ ಖಾತೆ.

ನಾಚಿಕೆ ಹುಟ್ಟಿಸುವವರು ನೆರೆಹೊರೆಯವರು ಮಾತ್ರ ಅಲ್ಲ. ವ್ಯವಸ್ಥೆಯೇ ದೊಡ್ಡ ಮೊತ್ತಕ್ಕೆ ಕುರ್ಚಿ ಹಾಕಿ, ಸಣ್ಣ ಮೊತ್ತವನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. 1930ಕ್ಕೆ ಕೊಟ್ಟ ದೂರು ತಾನಾಗಿಯೇ ಎಫ್ಐಆರ್ ಆಗುವ ವ್ಯವಸ್ಥೆ 2025ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪ್ರಾಯೋಗಿಕವಾಗಿ ಶುರುವಾದಾಗ ಅದು 10 ಲಕ್ಷ ರೂಪಾಯಿಗೆ ಮೇಲ್ಪಟ್ಟ ವಂಚನೆಗೆ ಮಾತ್ರ ಇತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನವರೇ ತನಿಖೆ ಮಾಡಬೇಕು. ಹಾಗಾಗಿ ಊರಿನ ಠಾಣೆಗೆ ಹೋದರೆ "ಉಡುಪಿಯ ಸೆನ್ ಠಾಣೆಗೆ ಹೋಗಿ" ಎನ್ನುವ ಉತ್ತರ ಸುಲಭವಾಗಿ ಬರುತ್ತದೆ. ಕಾರ್ಕಳದ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಇನ್ನೂರು ರೂಪಾಯಿಯ ದೂರಿಗೆ ಉಡುಪಿಗೆ ಹೋಗುವವರು ಯಾರು? ಸುದ್ದಿಮನೆಗಳದ್ದೂ ಇದೇ ತಕ್ಕಡಿ. ಐವತ್ತು ಲಕ್ಷ ಹೋದರೆ ಮುಖಪುಟ, ಐದು ಸಾವಿರ ಹೋದರೆ ಒಂದು ಸಾಲೂ ಇಲ್ಲ.

ಬ್ಯಾಂಕುಗಳಿಗೆ ನಾವು ಈ ಊರಿನ ಇತಿಹಾಸವನ್ನೇ ನೆನಪಿಸಬೇಕಾಗಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಾಗ ಅದರ ಏಜೆಂಟರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೇಳಿ ಪಡೆದರು. ಎರಡಾಣೆಗೂ ಲೆಕ್ಕ ಇತ್ತು, ಚೀಟಿ ಇತ್ತು. ಎರಡಾಣೆ ಸಣ್ಣದು ಎಂದು ಅವರು ಅಂದುಕೊಂಡಿದ್ದರೆ ಆ ಬ್ಯಾಂಕೇ ಬೆಳೆಯುತ್ತಿರಲಿಲ್ಲ. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಣ್ಣ ಹಣಕ್ಕೆ ಕೊಡುವ ಮರ್ಯಾದೆಯೂ ಅದರ ಜೊತೆಗೇ ಹೋಯಿತೇ? ಇವತ್ತು ಯಾವ ಬ್ಯಾಂಕಿನ ಕೌಂಟರಿಗೆ ಹೋದರೂ "ಒಟಿಪಿ ಕೊಟ್ಟದ್ದು ನೀವೇ ಅಲ್ವಾ?" ಎಂಬಲ್ಲಿಗೆ ಮಾತು ಮುಗಿಯುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ. ಗುಟ್ಟಿನ ಸಂಖ್ಯೆ ತಾನೇ ಕೊಟ್ಟವರು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಹೊರಬೇಕು. ಅಂದರೆ ತಿಳಿಸಿದ ನಂತರದ ನಷ್ಟ ಅವರದ್ದಲ್ಲ. ಈ ಒಂದು ಸಾಲನ್ನು ಎಷ್ಟು ಶಾಖೆಗಳ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿದ್ದಾರೆ?

ಕಂಪೆನಿಗಳೂ ಸಾಚಾ ಅಲ್ಲ. ಸೇರಲು ಒಂದು ಗುಂಡಿ, ಬಿಡಲು ಹತ್ತು ಪುಟ. ಹೀಗೆ ಚಂದಾದಿಂದ ಹೊರಬರಲಾಗದಂತೆ ಸಿಕ್ಕಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಸೇರಿಸಿದೆ. ಬೆಲೆ ಜನರ ಕೈಗೆ ಎಟಕುವಂತಿದ್ದರೆ ಕಳ್ಳ ಖಾತೆಯ ಅಂಗಡಿಗೆ ಗಿರಾಕಿ ಕಡಿಮೆಯಾಗುತ್ತಾರೆ. 2021ರ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮೊಬೈಲ್ ಪ್ಲಾನನ್ನು 199ರಿಂದ 149ಕ್ಕೆ ಇಳಿಸಿತಲ್ಲ, ಅದೇನು ದಾನ ಮಾಡಿದ್ದಲ್ಲ, ವ್ಯಾಪಾರದ ಲೆಕ್ಕ.

ಹಾಗಾದರೆ ಕೊಳ್ಳುವುದು ಹೇಗೆ? ಕಂಪೆನಿಯ ಸ್ವಂತ ಆ್ಯಪ್ ಅಥವಾ ಜಾಲತಾಣದಲ್ಲಿ, ನಿಮ್ಮದೇ ಇಮೇಲ್, ನಿಮ್ಮದೇ ನಂಬರಿನಿಂದ ಮಾತ್ರ. ಮೊದಲು ನಿಮ್ಮ ಮೊಬೈಲ್ ರೀಚಾರ್ಜಿನಲ್ಲಿ ಅಥವಾ ಮನೆಯ ಇಂಟರ್ನೆಟ್ ಪ್ಲಾನಿನಲ್ಲಿ ಅದು ಸೇರಿಯೇ ಬರುತ್ತದೆಯೇ ನೋಡಿ. ಬರೆಯಲು ಆಫೀಸ್ ಬೇಕಾದರೆ ಕಾಲೇಜಿನ ಇಮೇಲ್‌ಗೆ ಪುಕ್ಕಟೆ ಸಿಗುತ್ತದೆಯೇ ಎಂದು ಕೇಳಿ. ಇಲ್ಲದಿದ್ದರೆ ಲಿಬ್ರೆಆಫೀಸ್ ಎಲ್ಲರಿಗೂ ಉಚಿತ. ಶಾಲಾ ಶಿಕ್ಷಕರಿಗೆ ಕ್ಯಾನ್ವಾ ಉಚಿತವಾಗಿ ಸಿಗುತ್ತದೆ. ಸರಕಾರಿ ಕಾಲೇಜಿನವರಾದರೆ ಗ್ರಂಥಾಲಯದಲ್ಲಿ "ಒಂದು ದೇಶ ಒಂದು ಚಂದಾ" ಬಗ್ಗೆ ವಿಚಾರಿಸಿ. 2025ರ ಜನವರಿಯಿಂದ 6,300 ಸರಕಾರಿ ಸಂಸ್ಥೆಗಳಿಗೆ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ತೆರೆದಿಟ್ಟ ಯೋಜನೆ ಅದು. ಪುಕ್ಕಟೆ ಸಿಗುವುದನ್ನೇ ಇನ್ನೂರು ಕೊಟ್ಟು ಕೊಳ್ಳುವವರಿದ್ದಾರೆ.

ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಹಣದ ಮೇಲೆ ಕಣ್ಣಿಡಿ. 2021ರ ಅಕ್ಟೋಬರ್ 1ರ ನಂತರ ಇಂಥ ಕಡಿತಕ್ಕೆ 24 ಗಂಟೆ ಮೊದಲು ನಿಮಗೆ ಸಂದೇಶ ಬರಲೇಬೇಕು. ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಪಟ್ಟಿ ಇದೆ. ಬೇಡದ್ದನ್ನು ಅಲ್ಲಿಂದಲೇ ರದ್ದು ಮಾಡಬಹುದು.

ಮೋಸವಾದರೆ ಯಾರಿಗೂ ಅಂಜಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ಮನೆಯಿಂದಲೇ ದೂರು ಬರೆಯಬಹುದು, ಅದಕ್ಕೆ ಉಡುಪಿಯ ಬಸ್ ಬೇಡ. ಚಾಟ್‌ನ ಚಿತ್ರ, ಹಣ ಹೋದ ಯುಪಿಐ ವಿಳಾಸ, ವಹಿವಾಟಿನ ಸಂಖ್ಯೆ ಅಳಿಸದೆ ಇಟ್ಟುಕೊಳ್ಳಿ. ತಕರಾರು ಕಂಪೆನಿಯ ಜೊತೆಗಾದರೆ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೇ ಇಲ್ಲ.

"ಇನ್ನೂರು ರೂಪಾಯಿಯ ದೂರು ಹಿಡಿದು ಕೂರಲು ಪೊಲೀಸರಿಗೆ ಬೇರೆ ಕೆಲಸ ಇಲ್ಲವೇ?" ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ: ಪ್ರತಿ ದೂರಿಗೂ ಒಬ್ಬ ಪೇದೆಯನ್ನು ಕಳುಹಿಸಿ ಎಂದು ನಾವು ಹೇಳುತ್ತಿಲ್ಲ. ಒಂದೇ ಖಾತೆಯ ಮೇಲೆ ಹತ್ತು ಸಣ್ಣ ದೂರು ಬಂದರೆ ಅದನ್ನು ಒಂದು ದೊಡ್ಡ ದೂರೆಂದು ಎಣಿಸಿ ಎನ್ನುತ್ತಿದ್ದೇವೆ. ತಾಲೂಕಿನ ಪ್ರತಿ ಠಾಣೆಯಲ್ಲೂ ಆನ್‌ಲೈನ್ ದೂರು ಬರೆದುಕೊಡಲು ಒಬ್ಬರು ಕೂರಲಿ. ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ರ‍್ಯಾಗಿಂಗ್ ಬಗ್ಗೆ ಹೇಳುವ ದಿನವೇ ಬಾಡಿಗೆ ಖಾತೆಯ ಬಗ್ಗೆಯೂ ಹೇಳಲಿ. ಬ್ಯಾಂಕಿನ ಶಾಖೆಗಳು ಗ್ರಾಹಕರ ಹಕ್ಕನ್ನು ಕನ್ನಡದಲ್ಲಿ ಗೋಡೆಗೆ ಹಚ್ಚಲಿ. ಇದ್ಯಾವುದಕ್ಕೂ ಹೊಸ ಕಾನೂನು ಬೇಡ.

ನಮ್ಮ ನಿಮ್ಮ ಪಾಲಿನ ಕೆಲಸ ಇನ್ನೂ ಸಣ್ಣದು. ಮುಂದಿನ ಸಲ ಮನೆಯಲ್ಲಿ, ರೂಮಿನಲ್ಲಿ, ಬಸ್ಸಿನಲ್ಲಿ ಯಾರಾದರೂ ತಲೆ ತಗ್ಗಿಸಿ "ಇನ್ನೂರು ಹೋಯಿತು" ಎಂದರೆ "ಓದಿದ್ದು ದಂಡ" ಎನ್ನಬೇಡಿ. "1930ಕ್ಕೆ ಹೇಳಿದ್ಯಾ?" ಎಂದು ಕೇಳಿ.