ಡಯಾಲಿಸಿಸ್ ಕೊಠಡಿಯಲ್ಲಿ ಅಂಟುವ ಇನ್ನೊಂದು ರೋಗ

ಮೈಸೂರು ದಾರಿಯಾಗಿ ಬೆಂಗಳೂರಿಗೆ ಹೋಗುವ ಕರಾವಳಿಯವರಿಗೆ ಮದ್ದೂರು ಎಂದರೆ ವಡೆ, ಮಳವಳ್ಳಿ ಎಂದರೆ ಗಗನಚುಕ್ಕಿ ಜಲಪಾತ. ಮೂತ್ರಪಿಂಡ ವಿಫಲವಾದ ಅಲ್ಲಿನ ರೈತರಿಗೆ ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಯಂತ್ರವೇ ಜೀವಾಧಾರ. ವಾರಕ್ಕೆ ಎರಡು ಮೂರು ಬಾರಿ ಮಂಡ್ಯಕ್ಕೋ ಮೈಸೂರಿಗೋ ಬಸ್ಸು ಹತ್ತುವುದು ತಪ್ಪುವುದೆಂದರೆ ಬಡವರಿಗೆ ಸಣ್ಣ ಉಪಕಾರವಲ್ಲ. ಈ ಆಸ್ಪತ್ರೆಗಳಲ್ಲಿ ಏನೋ ಅನಾಹುತವಾಗಿದೆ ಎಂದು ಹೇಳುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಯಂತ್ರ ಬಂದ ಕಡೆಗೆಲ್ಲ ಅದರ ಅಪಾಯವೂ ಬರುತ್ತದೆ.

ಡಯಾಲಿಸಿಸ್‌ನಲ್ಲಿ ರಕ್ತವು ದೇಹದಿಂದ ಹೊರಬಂದು ಮರಳಿ ಒಳಹೋಗುತ್ತದೆ. ಸುಮಾರು ನಾಲ್ಕು ಗಂಟೆ. ಒಬ್ಬರು ಎದ್ದ ಜಾಗಕ್ಕೆ ಇನ್ನೊಬ್ಬರು. ಬದಲಿಸದ ಕೈಗವಸು, ಹಲವರಿಗೆ ಬಳಸಿದ ಒಂದೇ ಹೆಪಾರಿನ್ ಬಾಟಲಿ, ಒರೆಸದೆ ಬಿಟ್ಟ ಯಂತ್ರದ ಗುಂಡಿ: ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳಿಗೆ ಇಷ್ಟು ಸಾಕು. ಬಿ ವೈರಸ್ ಒಣಗಿದ ರಕ್ತದಲ್ಲಿ ಏಳು ದಿನವಾದರೂ ಬದುಕುತ್ತದೆ. ಒಬ್ಬ ತಂತ್ರಜ್ಞರು ಐದಾರು ರೋಗಿಗಳ ನಡುವೆ ಓಡಾಡುವಂತಾದರೆ ಮೊದಲು ತಪ್ಪುವುದು ಕೈಗವಸು ಬದಲಿಸುವ ಕೆಲಸವೇ.

1969-70ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಡಯಾಲಿಸಿಸ್ ಘಟಕದಲ್ಲಿ ಹೆಪಟೈಟಿಸ್ ಬಿ ಹಬ್ಬಿ, ರೋಗಿಗಳೊಂದಿಗೆ ಸಿಬ್ಬಂದಿಯೂ ಸತ್ತರು. 1972ರ ರೋಸನ್‌ಹೈಮ್ ಸಮಿತಿಯ ವರದಿಯ ನಂತರ ಎಲ್ಲರಿಗೂ ನಿಯತವಾಗಿ ರಕ್ತಪರೀಕ್ಷೆ, ಸೋಂಕಿತರಿಗೆ ಪ್ರತ್ಯೇಕ ವ್ಯವಸ್ಥೆ ಎಂಬ ಕ್ರಮ ಬ್ರಿಟನ್ನಿನಲ್ಲಿ ಬೇರೂರಿತು. ಲಸಿಕೆ ಬರುವ ಮೊದಲೇ ಅಲ್ಲಿ ರೋಗ ಹಿಡಿತಕ್ಕೆ ಬಂದಿತ್ತು.

ಹೆಪಟೈಟಿಸ್ ಸಿಗೆ ಇಂದಿಗೂ ಲಸಿಕೆಯಿಲ್ಲ. ಸೋಂಕು ತಗುಲಿದರೂ ಸಾಮಾನ್ಯ ಪರೀಕ್ಷೆಯಲ್ಲಿ ಅದು ಕಾಣಲು ಹಲವು ವಾರ ಬೇಕು. ಆದ್ದರಿಂದ ಮೊದಲು ಶುದ್ಧವಾಗಿದ್ದ ಒಬ್ಬರ ರಕ್ತದಲ್ಲಿ ಸೋಂಕು ಕಂಡರೂ ತನಿಖೆ ಆರಂಭವಾಗಬೇಕು, ಎರಡನೆಯವರಿಗಾಗಿ ಕಾಯಬಾರದು. ಯಾವ ದಿನ, ಯಾವ ಸರದಿ, ಯಾವ ಯಂತ್ರ, ಅವರಿಗಿಂತ ಮೊದಲು ಅಲ್ಲಿ ಯಾರಿದ್ದರು? ಇದಕ್ಕೆ ಉತ್ತರ ರಿಜಿಸ್ಟರಿನಲ್ಲಿದೆ. ವೈರಸ್‌ಗಳ ವಂಶವಾಹಿ ಹೋಲಿಸುವ ಪ್ರಯೋಗಾಲಯವೂ ಆ ಪುಟಗಳಿಲ್ಲದೆ ಅರ್ಧ ಉತ್ತರವನ್ನಷ್ಟೇ ಕೊಡಬಲ್ಲದು. ನರ್ಸ್ ಒಬ್ಬರ ಮೇಲೆ ತಪ್ಪು ಹೊರಿಸಿ ಫೈಲು ಮುಚ್ಚುವುದು ಸುಲಭ, ಅದು ತನಿಖೆಯಲ್ಲ.

ಸೋಂಕಿತರ ಗತಿಯೇನು? ಜುಲೈ 28, 2018ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಔಷಧ ಉಚಿತ. ಹೆಚ್ಚಿನವರು 12 ವಾರಗಳ ಗುಳಿಗೆಯಲ್ಲೇ ಗುಣವಾಗುತ್ತಾರೆ. ಆದರೆ "ನಿಮಗೆ ಇಲ್ಲಿ ಯಂತ್ರವಿಲ್ಲ, ಮೈಸೂರಿಗೆ ಹೋಗಿ" ಎಂದರೆ ಮಳವಳ್ಳಿಯ ಕೂಲಿಕಾರರು ಏನು ಮಾಡಬೇಕು? ಅವರ ಮುಂದಿನ ಸರದಿ ಎಲ್ಲಿ, ಯಾವಾಗ ಎಂದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿ ಅಂದೇ ಬರೆದುಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಹೆಪಟೈಟಿಸ್ ಸಿ ಲಿವರನ್ನು ಕೆಡಿಸಲು ವರ್ಷಗಳು ಬೇಕು. ಡಯಾಲಿಸಿಸ್ ತಪ್ಪಿದ ರೋಗಿಯ ಬಳಿ ಇರುವುದು ಕೆಲವೇ ದಿನ.