ಅಂಬ್ರಿಯ ಅಳಿವು ಉಳಿವು

ಸೇಬು ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಕಡುಗೆಂಪಿನ ಹಣ್ಣು. ವರ್ತಕರು ಅದನ್ನು ‘ಕಾಶ್ಮೀರದ ಸೇಬು’ ಎಂದು ಹೇಳಿ ಮಾರುತ್ತಾರೆ. ಅದು ಕಾಶ್ಮೀರದ ನೆಲದಲ್ಲಿ ಬೆಳೆದುದು ನಿಜವೇ ಆದರೂ ಅದರ ತವರು ಕಾಶ್ಮೀರವಲ್ಲ. ಅಲ್ಲಿಂದ ಬರುವ ಹಣ್ಣುಗಳಲ್ಲಿ ಬಹುಪಾಲು ‘ಡೆಲಿಷಸ್’ ಎಂಬ ತಳಿಗೆ ಸೇರಿದವು. ಆ ತಳಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಅಮೆರಿಕದ ಅಯೋವಾ ರಾಜ್ಯದ ಒಂದು ತೋಟದಲ್ಲಿ. ಆದರೆ ಕಾಶ್ಮೀರಕ್ಕೆ ತನ್ನದೇ ಆದ ಸೇಬೊಂದುಂಟು. ಅದರ ಹೆಸರು ಅಂಬ್ರಿ.

ಅಂಬ್ರಿಯ ಹಣ್ಣು ಗಾತ್ರದಲ್ಲಿ ಮಧ್ಯಮ. ಹಳದಿ ಮಿಶ್ರಿತ ಹಸುರು ಸಿಪ್ಪೆಯ ಮೇಲೆ ಕೆಂಪು ಗೆರೆಗಳು. ತಿರುಳು ಬೆಳ್ಳಗೆ, ಗರಿಗರಿಯಾಗಿ, ಸಿಹಿಯಾಗಿರುತ್ತದೆ. ಅದರ ಪರಿಮಳವಂತೂ ಪ್ರಸಿದ್ಧವಾದುದು. ಶರತ್ಕಾಲದಲ್ಲಿ ತಡವಾಗಿ ಮಾಗುವ ಈ ಹಣ್ಣು ಶೀತಲಗೃಹದ ನೆರವಿಲ್ಲದೆಯೇ ಚಳಿಗಾಲವನ್ನು ಕಳೆದು ವಸಂತದವರೆಗೂ ಕೆಡದೆ ಉಳಿಯಬಲ್ಲದು. ಕಾಶ್ಮೀರದ ಕಂದಾಯ ವ್ಯವಸ್ಥೆಯ ಅಧಿಕಾರಿಯಾಗಿದ್ದ ವಾಲ್ಟರ್ ಲಾರೆನ್ಸ್ 1895ರಲ್ಲಿ ಆ ಕಣಿವೆಯನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ ಅಂಬ್ರಿಯ ಪ್ರಸ್ತಾಪವಿದೆ.

ಸೇಬಿನ ಬೇಸಾಯದ ಒಂದು ವಿಶೇಷವನ್ನು ನಾವು ಇಲ್ಲಿ ತಿಳಿಯಬೇಕು. ರಾಗಿಯ ಬೀಜದಿಂದ ಅದೇ ತಳಿಯ ರಾಗಿ ಬರುವಂತೆ ಅಂಬ್ರಿಯ ಬೀಜದಿಂದ ಅಂಬ್ರಿ ಬರುವುದಿಲ್ಲ. ಸೇಬಿನ ಹೂವು ಸಾಮಾನ್ಯವಾಗಿ ಬೇರೊಂದು ತಳಿಯ ಪರಾಗವನ್ನು ಬಯಸುತ್ತದೆ. ಜೇನುನೊಣಗಳು ಅದನ್ನು ತಂದು ಮುಟ್ಟಿಸುತ್ತವೆ. ಆದುದರಿಂದ ಬೀಜದಿಂದ ಹುಟ್ಟಿದ ಗಿಡವು ತಾಯಿಯ ಗುಣಗಳನ್ನು ಪೂರ್ತಿಯಾಗಿ ಪಡೆಯದು. ತಳಿಯನ್ನು ಉಳಿಸಲು ಇರುವ ಮಾರ್ಗ ಕಸಿಯೊಂದೇ. ಹಳೆಯ ಮರದ ಕಡ್ಡಿಯನ್ನು ಕೊಯ್ದು ಬೇರೊಂದು ಸಸಿಯ ಬುಡಕ್ಕೆ ಕೂಡಿಸಿ ಕಟ್ಟಬೇಕು. ಹೀಗೆ ಕೈಯಿಂದ ಕೈಗೆ ಸಾಗಿ ಬಂದುದರಿಂದಲೇ ಅಂಬ್ರಿ ಇಂದಿಗೂ ಇದೆ. ಒಂದು ತಲೆಮಾರು ಕಸಿ ಕಟ್ಟುವುದನ್ನು ಬಿಟ್ಟರೆ, ಇರುವ ಮರಗಳು ಮುದಿಯಾಗಿ ಉರುಳಿದ ದಿನ ತಳಿಯೂ ಮುಗಿಯುತ್ತದೆ.

ಅಂತಹ ಅಪಾಯ ದೂರವಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೆಲಿಷಸ್ ತೋಟಗಳು ಹಬ್ಬಿದಂತೆ ಅಂಬ್ರಿಯ ತೋಟಗಳು ಕುಗ್ಗುತ್ತ ಬಂದವು. ಇದಕ್ಕಾಗಿ ರೈತರನ್ನು ದೂರುವುದು ನ್ಯಾಯವಲ್ಲ. ಹಳೆಯ ಪದ್ಧತಿಯಲ್ಲಿ ಬೆಳೆಸಿದ ಅಂಬ್ರಿಯ ಮರ ಫಲ ಕೊಡಲು ಎಂಟು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಯಿಸುತ್ತದೆ. ಒಂದು ವರ್ಷ ತುಂಬ ಕಾಯಿ ಬಿಟ್ಟರೆ ಮರುವರ್ಷ ವಿರಳವಾಗಿ ಬಿಡುತ್ತದೆ. ಮಾರುಕಟ್ಟೆಯಾದರೋ ಕೆಂಪು ಬಣ್ಣವನ್ನು ಮೆಚ್ಚುತ್ತದೆ. ಅಪ್ಪ ನೆಟ್ಟ ಆಲದಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೆ ಎಂದು ರೈತನು ಕೇಳಿದರೆ ಆ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ನಮ್ಮದು.

ನನ್ನ ಉತ್ತರವಿಷ್ಟು. ಮೊದಲನೆಯದಾಗಿ, ಒಂದೇ ತಳಿಯನ್ನು ನೆಚ್ಚಿದ ನಾಡು ಒಂದೇ ಕಂಬದ ಮೇಲೆ ನಿಂತ ಚಪ್ಪರದಂತೆ. 1973ರಲ್ಲಿ ಕಜ್ಜಿರೋಗವು ಕಾಶ್ಮೀರದ ಸೇಬಿನ ತೋಟಗಳಲ್ಲಿ ಸಾಂಕ್ರಾಮಿಕವಾಗಿ ಹರಡಿ ಭಾರೀ ನಷ್ಟವನ್ನುಂಟುಮಾಡಿತು. ಅಂಬ್ರಿಗೆ ರೋಗವೇ ತಗಲದೆಂದು ನಾನು ಹೇಳುತ್ತಿಲ್ಲ. ಹಲವು ತಳಿಗಳಿರುವಲ್ಲಿ ಎಲ್ಲವೂ ಒಮ್ಮೆಗೇ ನೆಲಕಚ್ಚುವ ಸಂಭವ ಕಡಿಮೆ ಎಂಬುದಷ್ಟೇ ನನ್ನ ಮಾತು. ಎರಡನೆಯದಾಗಿ, ಹೊಸ ತಳಿಗೆ ಹಳೆಯ ತಳಿಯೇ ಬಂಡವಾಳ. ಕಾಶ್ಮೀರದ ವಿಜ್ಞಾನಿಗಳು ಅಂಬ್ರಿಯನ್ನು ರೆಡ್ ಡೆಲಿಷಸ್‌ನೊಡನೆ ಸಂಕರಗೊಳಿಸಿ ‘ಲಾಲ್ ಅಂಬ್ರಿ’ಯನ್ನೂ, ಗೋಲ್ಡನ್ ಡೆಲಿಷಸ್‌ನೊಡನೆ ಸಂಕರಗೊಳಿಸಿ ‘ಸುನೆಹರಿ’ಯನ್ನೂ ಪಡೆದರು. ಮೂಲ ತಳಿಯೇ ಅಳಿದಿದ್ದರೆ ಇವು ಎಲ್ಲಿಂದ ಬರುತ್ತಿದ್ದವು?

ಹಾಗೆಂದು ತಳಿಯನ್ನು ಉಳಿಸುವ ಹೊರೆಯನ್ನು ಬಡ ರೈತನೊಬ್ಬನ ತಲೆಯ ಮೇಲೆ ಹೊರಿಸಲಾಗದು. ಗಿಡ್ಡ ಜಾತಿಯ ಬೇರುಸಸಿಗಳಿಗೆ ಕಸಿ ಕಟ್ಟಿದರೆ ಸೇಬು ಬೇಗನೆ ಫಲ ಕೊಡುವುದೆಂದು ವಿಜ್ಞಾನ ತೋರಿಸಿದೆ. ಕಾಯಿಗಳು ಎಳೆಯದಿರುವಾಗಲೇ ಕೆಲವನ್ನು ಕಿತ್ತು ವಿರಳಗೊಳಿಸಿದರೆ ವರ್ಷ ಬಿಟ್ಟು ವರ್ಷ ಫಲ ಬರುವ ದೋಷವೂ ತಗ್ಗುತ್ತದೆ. ಈ ತಿಳಿವಳಿಕೆಯನ್ನೂ ಒಳ್ಳೆಯ ಸಸಿಗಳನ್ನೂ ರೈತನ ಬಾಗಿಲಿಗೆ ತಲುಪಿಸುವುದು ಸರ್ಕಾರದ ಕರ್ತವ್ಯ. ಬಣ್ಣಕ್ಕೆ ಮರುಳಾಗದೆ ರುಚಿಗೆ ತಕ್ಕ ಬೆಲೆ ಕೊಡುವುದು ಕೊಳ್ಳುವವರ ಕರ್ತವ್ಯ.

ಇದು ದೂರದ ಕಾಶ್ಮೀರದ ಮಾತೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ನಂಜನಗೂಡಿನ ರಸಬಾಳೆಯೂ ಪನಾಮಾ ಸೊರಗುರೋಗಕ್ಕೆ ಸಿಕ್ಕಿ ಅಳಿವಿನ ಅಂಚನ್ನು ಮುಟ್ಟಿದ ಹಣ್ಣು. ಅರಮನೆ, ದೇಗುಲಗಳು ಮಾತ್ರವೇ ನಾಡಿನ ಆಸ್ತಿಯಲ್ಲ. ಹಿರಿಯರು ಆರಿಸಿ, ಕಾಪಾಡಿ, ನಮ್ಮ ಕೈಗೆ ಒಪ್ಪಿಸಿದ ಹಣ್ಣಿನ ತಳಿಯೂ ಆಸ್ತಿಯೇ. ಕಲ್ಲಿನ ಕಟ್ಟಡ ಬಿದ್ದರೆ ಮತ್ತೆ ಕಟ್ಟಬಹುದು. ಅಳಿದುಹೋದ ತಳಿಯನ್ನು ಮರಳಿ ಕಟ್ಟಬಲ್ಲ ಶಿಲ್ಪಿಯಿಲ್ಲ.