ವೆಸುವಿಯಸ್ ಬಲ್ಲರು, ಅಂಧೇರಿಯ ಗುಡ್ಡವನ್ನರಿಯರು!

ಜ್ವಾಲಾಮುಖಿ ಎಲ್ಲಿದೆ ಎಂದು ನಮ್ಮ ಮಕ್ಕಳನ್ನು ಕೇಳಿ ನೋಡಿ. ಇಟಲಿಯ ವೆಸುವಿಯಸ್, ಜಪಾನಿನ ಫ್ಯೂಜಿಯಾಮ ಎಂದು ಪಟಪಟನೆ ಹೇಳಿಯಾರು. ಶಿಲೆಗಳ ಶಿಥಿಲೀಕರಣ ಎಂದರೇನು ಎಂದರೆ ಎರಡು ಅಂಕದ ವ್ಯಾಖ್ಯೆಯೂ ಬಾಯಲ್ಲೇ ಇದೆ. ಆದರೆ ದಿನಾ ಹತ್ತುವ ಲೋಕಲ್ ಗಾಡಿಯ ಹಳಿಗಳ ನಡುವೆ ಹಾಸಿರುವ ಕರಿಜಲ್ಲಿ ಒಂದು ಕಾಲಕ್ಕೆ ಕುದಿಯುವ ಲಾವಾರಸವಾಗಿತ್ತೆಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಇದನ್ನು ಭೂಗೋಳ ಶಿಕ್ಷಣವೆಂದು ಕರೆಯಲು ನಾವು ಸಿದ್ಧರಿಲ್ಲ.

ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಈ ಭಾಗದ ನೆಲ ಬಿರಿದು ಲಾವಾ ಹೊರಹರಿಯಿತು. ಚಿತ್ರದಲ್ಲಿ ಬರೆಯುವ ಹಾಗೆ ಶಂಕುವಿನಾಕಾರದ ಬೆಟ್ಟದ ತುದಿಯಿಂದ ಚಿಮ್ಮಿದ್ದಲ್ಲ; ಉದ್ದುದ್ದನೆಯ ಬಿರುಕುಗಳಿಂದ ಉಕ್ಕಿ, ಹಾಸಿನ ಮೇಲೆ ಹಾಸಾಗಿ ಹರಡಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಪುಣೆಗೆ ಹೋಗುವಾಗ ಖಂಡಾಲಾ ಘಟ್ಟದಲ್ಲಿ ಕಿಟಕಿಯಿಂದ ಹೊರಗೆ ನೋಡಿದರೆ ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವಲ್ಲ, ಅವೇ ಆ ಹಾಸುಗಳು. ಇದಕ್ಕೆ ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರು ಬಂದದ್ದೂ ಮೆಟ್ಟಿಲೆಂಬ ಅರ್ಥದ ಸ್ವೀಡಿಶ್ ಮಾತಿನಿಂದ.

ಈ ಹಾಸು ಮಹಾರಾಷ್ಟ್ರದ ಗಡಿಯಲ್ಲಿ ನಿಲ್ಲುವುದಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳಿಗೂ ಚಾಚಿದೆ. ಅಂದಮೇಲೆ ವಿಜಯಪುರದಿಂದ ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ನಮ್ಮ ಕುಟುಂಬಗಳು ಊರು ಬಿಟ್ಟರೂ ಕಲ್ಲು ಬಿಟ್ಟಿಲ್ಲ! ಅಲ್ಲಿ ಬಿಳಿಜೋಳ ಬೆಳೆಯುವ ಎರೆಮಣ್ಣು ಬೇರೇನೂ ಅಲ್ಲ. ಬಿಸಿಲು, ಮಳೆ, ಬೇರುಗಳು ಸೇರಿ ಲಕ್ಷಾಂತರ ವರ್ಷ ತೇಯ್ದು ಪುಡಿ ಮಾಡಿದ ಇದೇ ಲಾವಾ. ಹೊಲದ ಬಾವಿ ತೋಡುವಾಗ ಮೇಲೆ ಎರೆ, ಅದರ ಕೆಳಗೆ ಗರಸು, ಗರಸಿನ ಕೆಳಗೆ ಗಟ್ಟಿ ಕರಿಕಲ್ಲು ಸಿಗುವುದನ್ನು ಊರಿನ ಅಜ್ಜಿ ಬಲ್ಲಳು. ಕಲ್ಲು ಮಣ್ಣಾಗುವ ದಾರಿಯಲ್ಲಿ ಅರ್ಧಕ್ಕೆ ಬಂದು ನಿಂತದ್ದೇ ಗರಸು. ‘ವೆದರಿಂಗ್’ ಎಂಬ ಪಾಠ ಅಜ್ಜಿಯ ಮೂರು ಮಾತಿನಲ್ಲಿದೆ. ಮೊಮ್ಮಗನ ಪುಸ್ತಕದಲ್ಲಿ ಅದು ವ್ಯಾಖ್ಯೆ ಮಾತ್ರ. ಇಬ್ಬರೂ ಒಂದೇ ಖೋಲಿಯಲ್ಲಿ ಮಲಗುತ್ತಾರೆ, ಆದರೂ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಮುಟ್ಟುವುದಿಲ್ಲ.

ಇನ್ನು ಅಂಧೇರಿಯ ಗಿಲ್ಬರ್ಟ್ ಹಿಲ್. ಸುಮಾರು 200 ಅಡಿ ಎತ್ತರದ ಈ ಕಗ್ಗಲ್ಲಿನ ಗುಡ್ಡದ ಮೈಯೆಲ್ಲಾ ನೆಟ್ಟಗೆ ನಿಲ್ಲಿಸಿದ ಕಂಬಗಳ ಕಟ್ಟಿನಂತಿದೆ. ಲಾವಾ ಆರುತ್ತ ಕುಗ್ಗಿದಾಗ, ಬತ್ತಿದ ಕೆರೆಯ ಅಂಗಳ ಬಿರಿದಂತೆ ಬಿರಿದು ಆದ ಕಂಬಗಳವು. ಸುತ್ತಲೂ ಕಲ್ಲು ಒಡೆದೊಡೆದು ಉಳಿದದ್ದು ಇಷ್ಟು. ನೆತ್ತಿಯ ಮೇಲಿನ ಗಾಂವದೇವಿ ಇಲ್ಲದಿದ್ದರೆ ಇಷ್ಟಾದರೂ ಉಳಿಯುತ್ತಿತ್ತೇ ಎಂಬ ಗುಮಾನಿ ನಮ್ಮದು. ಪರದೇಶದಲ್ಲಿದ್ದರೆ ಟಿಕೇಟು ಕೊಟ್ಟು ನೋಡುತ್ತಿದ್ದೆವು. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಳೂ ಹೀಗೆಯೇ ಆದವು, ಆದರೆ ಅದು ಇನ್ನೂ ಹಳೆಯ, ಬೇರೆಯೇ ಲಾವಾ: ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು. ಉಡುಪಿ ಕಡೆಯ ನಮ್ಮವರು ಮೇ ರಜೆಯಲ್ಲಿ ಅಲ್ಲಿಗೆ ಹೋಗುತ್ತಾರೆ, ಕಂಬಗಳಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ದೋಣಿ ಹತ್ತಿ ಮರಳುತ್ತಾರೆ.

ಇಷ್ಟೆಲ್ಲ ತಿಳಿದು ಆಗಬೇಕಾದ್ದೇನು, ಅಂಕ ಬಂದರಾಯಿತು ಎನ್ನುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇದು. ದಖ್ಖನ್ ಪ್ರಸ್ಥಭೂಮಿ ಅಲುಗದ ನೆಲ ಎಂದು ನಮ್ಮ ಪೀಳಿಗೆ ಉರುಹೊಡೆದಿತ್ತು. 1967ರ ಡಿಸೆಂಬರ್ 11ರಂದೇ ಕೊಯ್ನಾದಲ್ಲಿ ಆ ನೆಲ ಅಲುಗಿತ್ತು. ಜಲಾಶಯದ ನೀರಿನ ಭಾರಕ್ಕೂ ಭೂಕಂಪಕ್ಕೂ ನಂಟಿದೆಯೆಂದು ವಿಜ್ಞಾನಿಗಳು ಅಲ್ಲಿಂದ ಕಲಿತರು. ಪಾಠ ಮಾತ್ರ ಬದಲಾಗಲಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ಬಿಟ್ಟು ಬಂದು ಮಲಗಿದ್ದ ಕಿಲ್ಲಾರಿಯ ಜನರ ಮೇಲೆ, ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆಗಳು ಉರುಳಿ ಸಾವಿರಾರು ಮಂದಿ ಸತ್ತರು. ಅಂದಿನ ಸರಕಾರೀ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ನಕ್ಷೆ ತಿದ್ದಿದ್ದು 2002ರಲ್ಲಿ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಊರಿಗೆ ಹೋಗಲು ನಾವು ಹಿಡಿಯುವ ರಾಷ್ಟ್ರೀಯ ಹೆದ್ದಾರಿ 66ರಲ್ಲೇ, ಅಂಕೋಲೆಯ ಹತ್ತಿರದ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಜಾರಿ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ನೂಕಿತು. ಒಂದು ಲಾರಿಯನ್ನು ನದಿಯಿಂದ ಮೇಲೆತ್ತುವಾಗ ಎಪ್ಪತ್ತು ದಿನ ಕಳೆದಿತ್ತು. ಗುಡ್ಡದ ಬುಡ ಕಡಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ, ಇಂಗಿದ ಮಳೆನೀರು ಮಣ್ಣಿನ ಹಿಡಿತ ಸಡಿಲಿಸುತ್ತದೆ. ನೆತ್ತಿಯಲ್ಲಿ ಹೊಸ ಬಿರುಕು, ಓರೆಯಾದ ಮರ, ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪಾಗಿ ಹರಿಯುವುದು – ಇವು ಮುನ್ಸೂಚನೆಗಳು. ಯಾವ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಿದೆ? ಇಲ್ಲಿಯ ಗುಡ್ಡದ ಮಗ್ಗುಲ ಝೋಪಡಿಗಳಲ್ಲಿ ಮಳೆಗಾಲ ಕಳೆಯುವ ಮಕ್ಕಳಿಗೆ ಇದಕ್ಕಿಂತ ಮುಖ್ಯ ಭೂಗೋಳ ಯಾವುದು?

ಶಿಕ್ಷಕರನ್ನು ಬೈಯುವುದು ಸುಲಭ. ತರಗತಿಯ ತುಂಬ ಮಕ್ಕಳು, ಅರ್ಧ ತಾಸಿನ ಪಿರಿಯಡ್ಡು, ಮೇಲೆ ಪೋರ್ಷನ್ ಮುಗಿಸುವ ಅವಸರ. ಹೊರಗೆ ಕರೆದೊಯ್ದರೆ ‘ಮಗುವಿನ ಬೂಟಿಗೆ ಕೆಸರಾಯಿತು’ ಎಂದು ಚೀಟಿ ಕಳಿಸುವವರು ನಾವೇ ತಾನೇ? ವರ್ಷಕ್ಕೊಮ್ಮೆ ಸಭಾಗೃಹ ಬಾಡಿಗೆಗೆ ಹಿಡಿದು, ನೂರಕ್ಕೆ ತೊಂಬತ್ತು ತೆಗೆದವರಿಗೆ ಶಾಲು ಹೊದಿಸಿ, ಅಧ್ಯಕ್ಷರ ಭಾಷಣ ಕೇಳಿ ಉಪ್ಪಿಟ್ಟು ತಿಂದು ಬರುವ ನಮ್ಮ ಸಂಘಗಳೂ ಉರುಹೊಡೆಯುವುದಕ್ಕೇ ಬಹುಮಾನ ಕೊಡುತ್ತಿವೆ. ಬಹುಮಾನ ಬೇಡವೆನ್ನುವುದಿಲ್ಲ. ಒಂದಾದರೂ ಬಹುಮಾನ ತನ್ನ ಬೀದಿಯ ಕಲ್ಲನ್ನೋ, ಊರಿನ ಬಾವಿಯ ಮಣ್ಣಿನ ಪದರಗಳನ್ನೋ ನೋಡಿ ಎರಡು ಪುಟ ಬರೆದ ಹುಡುಗಿಗೆ ಹೋಗಲಿ.

ಖರ್ಚಿನ ಮಾತೂ ಇದಲ್ಲ. ಎರಡು ತಟ್ಟೆ ಮಣ್ಣು, ಒಂದರಲ್ಲಿ ಹುಲ್ಲು, ಒಂದು ಬರಿದು. ಓರೆಯಾಗಿಟ್ಟು ಚೊಂಬಿನಿಂದ ನೀರು ಸುರಿದರೆ ಸವೆತ ಬಾಲ್ಕನಿಯಲ್ಲೇ ಕಣ್ಣಿಗೆ ಕಾಣುತ್ತದೆ. ಮೆಕ್ಕೆಜೋಳದ ಹಿಟ್ಟಿನ ಗಂಜಿಪುಡಿಯನ್ನು ನೀರಲ್ಲಿ ದಪ್ಪಗೆ ಕಲಸಿ ಲೋಟದಲ್ಲಿ ಕೆಲವು ದಿನ ಒಣಗಲು ಬಿಡಿ. ಒಡೆದು ನೋಡಿದರೆ ಒಳಗೆ ಪುಟ್ಟ ಪುಟ್ಟ ಕಂಬಗಳು ಸಿಕ್ಕಾವು. ಆಮೇಲೆ ಸಂಘದ ವಾರ್ಷಿಕ ವಿಹಾರವನ್ನು ವಾಟರ್ ಪಾರ್ಕಿನ ಬದಲು ಅಂಧೇರಿಗೇ ಇಡಬಹುದು. ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಕೇಳಿದರೆ ಯಾರೂ ದಾರಿ ತೋರಿಸುತ್ತಾರೆ. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳಿವೆ. ಮಳೆಗಾಲ ಬಿಟ್ಟು ಹೋಗಿ, ಜಾರುತ್ತದೆ.